ಓಟದ ದಿನ ಮತ್ತು ಉಳಿದ ದಿನಗಳು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬೆಳಗಾಯಿತೆಂದರೆ ಉಳಿ-ಸುತ್ತಿಗೆಯ ಸದ್ದು. ಈಗೀಗ ಅದರ ಜೊತೆಗೆ ಕಲ್ಲು ಕೊಯ್ಯುವ ಯಂತ್ರದ ಸದ್ದು. ಇಲ್ಲಿ ಕಡೆದ ಮೂರ್ತಿಗಳು ನಾಡಿನ ನಾನಾ ಕಡೆಯ ದೇವಸ್ಥಾನಗಳಿಗೆ ಹೋಗುತ್ತವೆ. ಕಲ್ಲಿನ ಮೂರ್ತಿಯನ್ನು ದೂರದೂರಿಗೆ ಸಾಗಿಸುವುದೆಂದರೆ ಸಣ್ಣ ಕೆಲಸವಲ್ಲ. ವಾಹನದ ತಳಕ್ಕೆ ಹುಲ್ಲು ಹಾಸಬೇಕು. ಮೂಗು, ಬೆರಳು, ಕಿರೀಟದ ಅಂಚಿಗೆ ಪೆಟ್ಟು ತಾಗದಂತೆ ಗೋಣಿಚೀಲ ಸುತ್ತಬೇಕು. ಅಲುಗಾಡದಂತೆ ಹಗ್ಗ ಬಿಗಿಯಬೇಕು. ‘ನಿಧಾನವಾಗಿ ಹೋಗಪ್ಪಾ’ ಎಂದು ಚಾಲಕನಿಗೆ ಎರಡು ಸಲ ಹೇಳಬೇಕು. ತಿಂಗಳುಗಟ್ಟಲೆ ದುಡಿದು ಮಾಡಿದ ವಸ್ತುವಿನ ಬೆಲೆ ಮಾಡಿದವರಿಗೇ ಗೊತ್ತು.

ಅಂಥದೇ ರಸ್ತೆಯಲ್ಲಿ ಒಂದು ಬೈಕು ಹೋಗುತ್ತದೆ. ಓಡಿಸುವವನು ಒಂಬತ್ತನೆಯ ತರಗತಿಯ ಹುಡುಗ. ಹಿಂದೆ ಇನ್ನಿಬ್ಬರು, ಬೆನ್ನಿಗೆ ಪುಸ್ತಕದ ಚೀಲ. ಮೂವರ ತಲೆಯ ಮೇಲೂ ಏನೂ ಇಲ್ಲ. ಇದು ಯಾವುದೋ ಒಂದೂರಿನ ಚಿತ್ರವಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಶಾಲೆ ಬಿಡುವ ಹೊತ್ತಿಗೆ ರಸ್ತೆಯ ಪಕ್ಕ ಹತ್ತು ನಿಮಿಷ ನಿಂತವರಿಗೆ ಕಾಣಸಿಗುವುದೇ. ಕಲ್ಲಿನ ಮೂರ್ತಿಗೆ ಹುಲ್ಲು, ಗೋಣಿ, ಹಗ್ಗ ಎಲ್ಲ ಉಂಟು. ಹದಿನಾಲ್ಕು ವರ್ಷ ಸಾಕಿ ಬೆಳೆಸಿದ ಮಗನಿಗೆ?

ಶಾಲೆಗಳಲ್ಲಿ ವರ್ಷಕ್ಕೊಂದೆರಡು ಸಲ ಓಟವೋ ಜಾಥಾವೋ ನಡೆಯುವುದು ಈಗ ವಾಡಿಕೆ. ಜನವರಿ 12ರ ಯುವ ದಿನಕ್ಕೆ, ಅದೇ ತಿಂಗಳ ರಸ್ತೆ ಸುರಕ್ಷತಾ ಆಚರಣೆಗೆ, ಅಕ್ಟೋಬರ್ 31ರ ಏಕತಾ ಓಟಕ್ಕೆ ಮಕ್ಕಳು ಬ್ಯಾನರ್ ಹಿಡಿದು ಬೀದಿಗಿಳಿಯುತ್ತಾರೆ. ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಸಹಾಯಾರ್ಥ ಓಟಗಳೂ ಬಂದಿವೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿ.ಮೀ. ಓಟದಲ್ಲಿ ಸೇವಾಸಂಸ್ಥೆಗಳ ಪರವಾಗಿ ಓಡಿ ಹಣ ಸಂಗ್ರಹಿಸುವವರು ಬಹಳ ಮಂದಿ.

ಅಂಥ ದಿನದ ಶಿಸ್ತನ್ನು ಗಮನಿಸಿ. ಮುಂದೆ ದೈಹಿಕ ಶಿಕ್ಷಕರ ಸೀಟಿ, ತಿರುವಿನಲ್ಲಿ ಪೊಲೀಸರು, ಪಕ್ಕದಲ್ಲಿ ಹಗ್ಗ ಹಿಡಿದ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು, ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ವಾಹನಗಳೆಲ್ಲ ನಿಂತು ದಾರಿ ಬಿಡುತ್ತವೆ. ಮಾರನೆಯ ದಿನ ಅದೇ ಮಕ್ಕಳು, ಅದೇ ರಸ್ತೆ. ಸೀಟಿಯೂ ಇಲ್ಲ, ಹಗ್ಗವೂ ಇಲ್ಲ. ಓಟದ ದಿನ ಕಲಿತದ್ದು ಉಳಿದ ದಿನಗಳಿಗೆ ಬರಬೇಕು. ಬಾರದಿದ್ದರೆ ಬ್ಯಾನರಿಗೆ ಕೊಟ್ಟ ಹಣ ದಂಡ.

ಒಂಟಿ ಕಾಲಿನ ಓಟಗಾರ

ಸಹಾಯಾರ್ಥ ಓಟದ ಮಾತು ಬಂದಾಗಲೆಲ್ಲ ನೆನೆಯಬೇಕಾದ ಹೆಸರು ಕೆನಡಾದ ಟೆರ್ರಿ ಫಾಕ್ಸ್. ಹುಟ್ಟಿದ್ದು 1958ರಲ್ಲಿ. ಮೂಳೆಯ ಕ್ಯಾನ್ಸರಿನಿಂದಾಗಿ 1977ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಆತನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಕಂಡ ಇತರ ರೋಗಿಗಳ ನೋವು ಅವನನ್ನು ಬಿಡಲಿಲ್ಲ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲು ಕಟ್ಟಿಕೊಂಡು 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಪಶ್ಚಿಮಕ್ಕೆ ಓಡಲು ಹೊರಟ. ದಿನಕ್ಕೆ ಸುಮಾರು 42 ಕಿ.ಮೀ. ಹಾಗೆ 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿದ. ಕಾಯಿಲೆ ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ಸೆಪ್ಟೆಂಬರ್ 1ರಂದು ಓಟ ನಿಲ್ಲಿಸಬೇಕಾಯಿತು. 1981ರ ಜೂನ್ 28ರಂದು ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು ವರ್ಷ. ದೇಶದ ಪ್ರತಿಯೊಬ್ಬ ಪ್ರಜೆಯಿಂದ ಒಂದು ಡಾಲರ್ ಎಂಬುದು ಅವನ ಆಸೆಯಾಗಿತ್ತು. ಆಗ ಕೆನಡಾದ ಜನಸಂಖ್ಯೆ ಸುಮಾರು 2 ಕೋಟಿ 40 ಲಕ್ಷ. ಅವನು ಬದುಕಿರುವಾಗಲೇ ನಿಧಿ ಆ ಮೊತ್ತ ದಾಟಿತು.

ಈ ಕಥೆಯಲ್ಲಿ ಮಕ್ಕಳು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಟೆರ್ರಿ ಓಡಿದ್ದು ಆಟದ ಮೈದಾನದಲ್ಲಲ್ಲ, ಭಾರಿ ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿನಲ್ಲಿ. ಗೆಳೆಯನೊಬ್ಬ ವ್ಯಾನ್ ಓಡಿಸಿಕೊಂಡು ದಾರಿಯುದ್ದಕ್ಕೂ ಜೊತೆಗಿದ್ದ. ಒಂಟಾರಿಯೋ ಪ್ರಾಂತದಲ್ಲಿ ಪೊಲೀಸ್ ವಾಹನ ದೀಪ ಮಿನುಗಿಸುತ್ತ ಕಾವಲು ಬಂತು. ಎಂಥ ಧೈರ್ಯಶಾಲಿಗೂ ರಸ್ತೆಯ ಮೇಲೆ ಎಚ್ಚರಿಕೆ ಬೇಕು. ಧೈರ್ಯವೇ ಬೇರೆ, ಹುಂಬತನವೇ ಬೇರೆ.

ವೇಗದ ಲೆಕ್ಕ

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಚಲನಶಕ್ತಿಯ ಸೂತ್ರವಿದೆ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಪರೀಕ್ಷೆಯಲ್ಲಿ ಎರಡು ಅಂಕ ತರುವ ಈ ಸೂತ್ರ ರಸ್ತೆಯಲ್ಲಿ ಜೀವದ ಲೆಕ್ಕ ಹೇಳುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ರೇಕು ಆ ಶಕ್ತಿಯನ್ನೆಲ್ಲ ಶಾಖವಾಗಿ ಕಳೆಯಬೇಕು.

ಒಂದು ಉದಾಹರಣೆ ನೋಡೋಣ. ಬೈಕು ಗಂಟೆಗೆ 40 ಕಿ.ಮೀ. ವೇಗದಲ್ಲಿದೆ, ಎಂದರೆ ಸೆಕೆಂಡಿಗೆ 11 ಮೀಟರು. ಎದುರಿಗೆ ಕರು ಅಡ್ಡ ಬಂತು. ಕಣ್ಣು ಕಂಡು, ಮೆದುಳು ತಿಳಿದು, ಕೈ-ಕಾಲು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದುಕೊಳ್ಳಿ. ಅಷ್ಟರಲ್ಲಿ ಗಾಡಿ 11 ಮೀಟರು ಮುಂದೆ ಹೋಗಿರುತ್ತದೆ. ಒಣ ಡಾಂಬರು ರಸ್ತೆ, ಒಳ್ಳೆಯ ಬ್ರೇಕು ಇದ್ದರೆ ನಿಲ್ಲಲು ಮತ್ತೆ ಸುಮಾರು 10 ಮೀಟರು ಬೇಕು. ಒಟ್ಟು 21. ವೇಗ 60 ಆದರೆ ಈ ಲೆಕ್ಕ 40 ಮೀಟರಿಗೆ ಏರುತ್ತದೆ. 80ಕ್ಕೆ ಸುಮಾರು 63 ಮೀಟರು. ವೇಗ ಎರಡು ಪಟ್ಟು, ನಿಲ್ಲುವ ದೂರ ಮೂರು ಪಟ್ಟು! ಮಳೆಯ ಮೊದಲ ಹನಿ ಬಿದ್ದ ರಸ್ತೆಯಲ್ಲಿ, ಜಲ್ಲಿಪುಡಿ ಚೆಲ್ಲಿದ ತಿರುವಿನಲ್ಲಿ ಇನ್ನೂ ಹೆಚ್ಚು. ಮಾಲೂರಿನ ಇಟ್ಟಿಗೆ, ಹೆಂಚು ತುಂಬಿದ ಲಾರಿಗಳು, ನರಸಾಪುರದ ಕಾರ್ಖಾನೆಗಳಿಗೆ ಹೋಗಿಬರುವ ವಾಹನಗಳು ಈ ಭಾಗದ ರಸ್ತೆಗಳಲ್ಲಿ ಹಗಲೂ ರಾತ್ರಿ ಓಡುತ್ತವೆ. ‘ಲಾರಿಯವನು ನೋಡಿಕೊಂಡು ನಿಲ್ಲಿಸುತ್ತಾನೆ’ ಎಂದು ಓಡಿ ದಾಟುವ ಹುಡುಗನಿಗೆ ಈ ಲೆಕ್ಕ ಗೊತ್ತಿರಬೇಕು. ಚಾಲಕ ಎಷ್ಟೇ ಒಳ್ಳೆಯವನಾದರೂ ಲಾರಿ ನಿಂತ ಹಾಗೆ ನಿಂತುಬಿಡುವುದಿಲ್ಲ.

ಉಳಿಯ ಕೆಲಸ, ಹೆಲ್ಮೆಟ್ಟಿನ ಕೆಲಸ

ಶಿವಾರಪಟ್ಟಣದ ಮಕ್ಕಳಿಗೆ ಹೆಲ್ಮೆಟ್ಟಿನ ವಿಜ್ಞಾನ ಹೇಳಿಕೊಡುವುದು ಸುಲಭ. ಉಳಿ ಕಲ್ಲನ್ನು ಹೇಗೆ ಸೀಳುತ್ತದೆ? ಸುತ್ತಿಗೆಯ ಪೆಟ್ಟಿನ ಬಲವನ್ನೆಲ್ಲ ಅದು ಮೊನೆಯಷ್ಟು ಜಾಗಕ್ಕೆ, ಕಣ್ಣು ಮಿಟುಕಿಸುವುದರೊಳಗೆ ತಲುಪಿಸುತ್ತದೆ. ಜಾಗ ಸಣ್ಣದು, ಸಮಯ ಸಣ್ಣದು. ಅದಕ್ಕೇ ಕಲ್ಲಿನಂಥ ಕಲ್ಲೂ ಚಕ್ಕೆ ಏಳುತ್ತದೆ. ಬರಿಯ ತಲೆ ರಸ್ತೆಯ ಅಂಚಿನ ಕಲ್ಲಿಗೆ ಬಡಿದರೆ ಆಗುವುದೂ ಇದೇ.

ಹೆಲ್ಮೆಟ್ಟು ಮಾಡುವುದು ಉಳಿಗೆ ತದ್ವಿರುದ್ಧವಾದ ಕೆಲಸ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ತಾನು ನಜ್ಜುಗುಜ್ಜಾಗಿ, ತಲೆ ನಿಲ್ಲುವ ದೂರವನ್ನೂ ಸಮಯವನ್ನೂ ಹಿಗ್ಗಿಸುತ್ತದೆ. ಒಂದೆರಡು ಮಿಲಿಮೀಟರಿನಲ್ಲಿ ನಿಲ್ಲಬೇಕಾದ ತಲೆ ಇಪ್ಪತ್ತು ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮೂರ್ತಿಯ ಕೆಳಗಿನ ಹುಲ್ಲು ಮಾಡುವುದೂ ಇದನ್ನೇ. ಆದರೆ ನೆನಪಿಡಿ: ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಜಜ್ಜಿರುತ್ತದೆ, ಬದಲಿಸಲೇಬೇಕು. ಐಎಸ್‌ಐ ಗುರುತಿಲ್ಲದ, ರಸ್ತೆಬದಿಯ ಅಗ್ಗದ ಟೋಪಿಗಳು ದಂಡ ತಪ್ಪಿಸಿಯಾವು, ಪ್ರಾಣ ಉಳಿಸಲಾರವು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ 50 ಸಾವಿರ. ಹದಿನೆಂಟು ತುಂಬದ ಮಕ್ಕಳು ಒಂಬತ್ತು ಸಾವಿರಕ್ಕೂ ಹೆಚ್ಚು. ದಿನಕ್ಕೆ ಇಪ್ಪತ್ತೈದು ಮಕ್ಕಳೆಂದರೆ, ಹೆಚ್ಚುಕಡಿಮೆ ಒಂದು ತರಗತಿ.

ತಂದೆತಾಯಿಯರ ಪಾಲು

‘ನನ್ನ ಮಗ ಏಳನೇ ಕ್ಲಾಸಿಗೇ ಗಾಡಿ ಕಲಿತುಬಿಟ್ಟ’ ಎಂದು ನಾಲ್ಕು ಜನರ ಮುಂದೆ ಹೆಮ್ಮೆಪಡುವ ಅಪ್ಪಂದಿರಿದ್ದಾರೆ. ‘ಅಪ್ಪಾ, ಕೀ ಕೊಡು, ಟ್ಯೂಷನ್ನಿಗೆ ಹೊತ್ತಾಯ್ತು’ ಎಂದಾಗ ಇಲ್ಲವೆನ್ನಲಾರದ ಅಪ್ಪಂದಿರೂ ಇದ್ದಾರೆ. ಬಸ್ಸು ಹೊತ್ತಿಗೆ ಬರುವುದಿಲ್ಲ, ಶಾಲೆ ದೂರ, ಹೊಲಕ್ಕೆ ಹಾಲಿನ ಕ್ಯಾನು ಒಯ್ಯಬೇಕು, ಕಷ್ಟಗಳು ಸುಳ್ಳಲ್ಲ. ಆದರೆ ಕಾನೂನು ಏನು ಹೇಳುತ್ತದೆಂದು ತಿಳಿದಿರಲಿ. ಬೈಕು ಓಡಿಸಲು 18 ವರ್ಷ ತುಂಬಿರಬೇಕು. 16 ತುಂಬಿದವರಿಗೆ ಅವಕಾಶವಿರುವುದು ಗೇರಿಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಪರವಾನಗಿಯೊಡನೆ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳ ಎಂಜಿನ್ನು ಇದರ ಎರಡು ಪಟ್ಟಿಗೂ ಮಿಗಿಲು.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧವೆಸಗಿದರೆ ತಪ್ಪಿತಸ್ಥರೆನಿಸುವವರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಗಾಡಿಯಿದ್ದರೇ ಕೆಲಸ ಎನ್ನುವ ಈ ಕಾಲದಲ್ಲಿ ಅದು ಸಣ್ಣ ಶಿಕ್ಷೆಯಲ್ಲ. ಹಿಂದೆ ಕೂರುವ ಮಗುವಿಗೂ ನಾಲ್ಕು ವರ್ಷ ದಾಟಿದರೆ ಹೆಲ್ಮೆಟ್ಟು ಕಡ್ಡಾಯ. ಅಪ್ಪನ ತಲೆಗೆ ಹೆಲ್ಮೆಟ್ಟು, ಟ್ಯಾಂಕಿನ ಮೇಲೆ ಕೂತ ಮಗಳ ತಲೆಗೆ ರಿಬ್ಬನ್ನು ಮಾತ್ರ ಎಂಬುದು ಯಾವ ನ್ಯಾಯ?

ಹೈಸ್ಕೂಲಿನ ಮಕ್ಕಳಿಗೆ ಒಪ್ಪುವ ವಾಹನ ಸೈಕಲ್ಲೇ. ಅದಕ್ಕೂ ಎರಡು ಬ್ರೇಕು, ಗಂಟೆ, ಹಿಂದೆ ಕೆಂಪಗೆ ಹೊಳೆಯುವ ರಿಫ್ಲೆಕ್ಟರು ಇರಬೇಕು.

ವಿದ್ಯಾರ್ಥಿಗಳ ಪಾಲು

ಶಾಲೆಯಲ್ಲಿ ಸಹಾಯಾರ್ಥ ಓಟ ಏರ್ಪಡಿಸುವುದಾದರೆ ಅರ್ಧ ಜವಾಬ್ದಾರಿ ಮಕ್ಕಳೇ ಹೊರಲಿ. ಶಾಲಾ ಸಂಸತ್ತಿನ ಮಂತ್ರಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಹಣ ಯಾತಕ್ಕೆಂದು ಮೊದಲೇ ತೀರ್ಮಾನವಾಗಲಿ: ಸಹಪಾಠಿಯೊಬ್ಬಳ ಚಿಕಿತ್ಸೆಗೋ, ಗ್ರಂಥಾಲಯಕ್ಕೋ, ಬಸ್ ನಿಲ್ದಾಣದ ಹತ್ತಿರ ಎಚ್ಚರಿಕೆಯ ಫಲಕಕ್ಕೋ. ದಾರಿಯನ್ನು ಹಿರಿಯ ಮಕ್ಕಳು ಶಿಕ್ಷಕರೊಡನೆ ಮೊದಲೇ ನಡೆದು ನೋಡಿ, ತಿರುವು, ಗುಂಡಿ, ಕುರುಡು ಮೂಲೆಗಳ ನಕ್ಷೆ ಬರೆಯಲಿ. ಪೊಲೀಸ್ ಠಾಣೆಗೆ ಮುಂಚೆಯೇ ಪತ್ರ ಹೋಗಲಿ. ಓಟ ಬಿಸಿಲೇರುವ ಮೊದಲೇ ಮುಗಿಯಲಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಲಿ. ಒಟ್ಟು ಲೆಕ್ಕವನ್ನು ಸೂಚನಾ ಫಲಕದಲ್ಲಿ ಬರೆದು, ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಲಿ. ಲೆಕ್ಕ ಒಪ್ಪಿಸದ ದಾನಕ್ಕೆ ಮುಂದಿನ ವರ್ಷ ಯಾರೂ ಕೈ ನೀಡುವುದಿಲ್ಲ.

ಗಣೇಶನ ಹಬ್ಬದಲ್ಲಿ ಕೆಲವು ಕಡೆ ಮಾಡುವಂತೆ ರಸ್ತೆಗೆ ಅಡ್ಡ ಹಗ್ಗ ಹಿಡಿದು ಗಾಡಿ ನಿಲ್ಲಿಸಿ ಚಂದಾ ಕೇಳುವ ಪದ್ಧತಿ ಮಾತ್ರ ಬೇಡವೇ ಬೇಡ. 60ರ ವೇಗದ ಗಾಡಿ ನಿಲ್ಲಲು 40 ಮೀಟರು ಬೇಕೆಂಬ ಲೆಕ್ಕವನ್ನು ಈಗಷ್ಟೇ ಓದಿದಿರಲ್ಲ! ಓಟದ ಅಭ್ಯಾಸಕ್ಕೆ ಬೆಳಗ್ಗೆ ಹೋಗುವವರು ಬಿಳಿ ಅಥವಾ ತಿಳಿಬಣ್ಣದ ಅಂಗಿ ತೊಡಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲ ಅಂಚಿನಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ಹೋಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳಬೇಡಿ.

ಇನ್ನೊಂದು ಜವಾಬ್ದಾರಿ ಬಿದ್ದವರನ್ನು ಎತ್ತುವುದು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಯ ಅಪಘಾತಕ್ಕೆ ಸಿಕ್ಕ ಹರೀಶ್ ಎಂಬ ಯುವಕ ಸಾಯುವ ಮುನ್ನ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ; ಅವನ ಕಣ್ಣುಗಳು ದಾನವಾದವು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ಯೋಜನೆಯನ್ನು ರಾಜ್ಯ ಸರ್ಕಾರ ಅದೇ ವರ್ಷ ಅವನ ಹೆಸರಿನಲ್ಲಿ ಆರಂಭಿಸಿತು. ಗಾಯಾಳುವಿಗೆ ಸದ್ಭಾವದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲು ಬಲವಂತಪಡಿಸುವಂತಿಲ್ಲ ಎಂದು 2019ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆದುದರಿಂದ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲಬೇಡಿ. ಅದೇ ಮೊಬೈಲಿನಿಂದ 108ಕ್ಕೆ ಕರೆ ಮಾಡಿ, ದೊಡ್ಡವರನ್ನು ಕೂಗಿ.

ಮಾಡಿ ನೋಡಿ

ಈ ವಾರ ಮನೆಯಲ್ಲಿ ಎಲ್ಲರೂ ಸೇರಿ ಮಾಡಬಹುದಾದ ಪ್ರಯೋಗ. 30 ಸೆಂ.ಮೀ. ಸ್ಕೇಲನ್ನು ಒಬ್ಬರು ಮೇಲ್ತುದಿಯಲ್ಲಿ ನೇರವಾಗಿ ಹಿಡಿಯಲಿ. ಇನ್ನೊಬ್ಬರು ಸೊನ್ನೆಯ ಗುರುತಿನ ಎರಡು ಬದಿಗೆ ಬೆರಳುಗಳನ್ನು ತಾಗದಂತೆ ಇಡಲಿ. ಹೇಳದೆ ಸ್ಕೇಲನ್ನು ಬಿಟ್ಟಾಗ ಬೆರಳು ಎಲ್ಲಿ ಹಿಡಿಯಿತು ನೋಡಿ. 20 ಸೆಂ.ಮೀ. ಆದರೆ ನಿಮ್ಮ ಪ್ರತಿಕ್ರಿಯೆಗೆ ಸುಮಾರು 0.2 ಸೆಕೆಂಡು ಹಿಡಿಯಿತು. 60ರ ವೇಗದ ಗಾಡಿ ಅಷ್ಟರಲ್ಲೇ ಮೂರು ಮೀಟರು ದಾಟಿರುತ್ತದೆ. ಇದು ಸ್ಕೇಲನ್ನೇ ದಿಟ್ಟಿಸುತ್ತ ಕಾದು ಕುಳಿತಾಗಿನ ಸಮಯ. ಈಗ ಕೈಯಲ್ಲಿ ಫೋನು ಹಿಡಿದು ಮಾತನಾಡುತ್ತ ಅದನ್ನೇ ಹತ್ತು ಸಲ ಮಾಡಿ, ಎರಡೂ ಸರಾಸರಿಗಳನ್ನು ಅಕ್ಕಪಕ್ಕ ಬರೆದಿಡಿ. ಆ ಚೀಟಿಯನ್ನು ಗಾಡಿಯ ಕೀ ನೇತುಹಾಕುವ ಮೊಳೆಯ ಪಕ್ಕದಲ್ಲೇ ಅಂಟಿಸಿ.