ಹೊಸ ಬ್ಯಾಟ್ರಿಗೆ ದುಡ್ಡು ಕೊಡೋಕೆ ಮುಂಚೆ ಆ ಕೆಂಪು ದೀಪ ನೋಡಿ

ನಮ್ಮ ಸುತ್ತಮುತ್ತ ಇನ್ನೂ ಹತ್ತು ಹನ್ನೆರಡು ಜಾವಾ, ಹಳೇ ಯೆಜ್ಡಿ ಓಡ್ತಾ ಇವೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಯೂರಿಯಾ ಮೂಟೆ ಎಲ್ಲ ಹೊತ್ತ ಗಾಡಿಗಳು. ಈ ವರ್ಷ ಅದರಲ್ಲಿ ಎರಡು ಬೆಂಗಳೂರಿನವರ ಟೆಂಪೋ ಹತ್ತಿದವು. ಯಾಕಪ್ಪಾ ಮಾರಿದ್ರಿ ಅಂದ್ರೆ ಇಬ್ಬರದ್ದೂ ಒಂದೇ ಮಾತು, "ಚಾರ್ಜಿಂಗ್ ನಿಲ್ತಿಲ್ಲ ಕಣಣ್ಣ, ಬ್ಯಾಟ್ರಿ ಹಾಕಿ ಹಾಕಿ ಸಾಕಾಯ್ತು."

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಬ್ಯಾಟ್ರಿಗೆ ರೋಗ ಬಂದಿರಲಿಲ್ಲ, ಅದು ಉಪವಾಸ ಬಿದ್ದು ಸತ್ತಿದ್ದು. ಊಟ ಹಾಕೋ ಡೈನಮೋ ಕಡೆ ಯಾರೂ ತಿರುಗಿ ನೋಡಲಿಲ್ಲ. ಪೇಟೆ ಅಂಗಡಿಗೆ ಹೋದ್ರೆ ಮೊದಲ ಮಾತೇ "ಬ್ಯಾಟ್ರಿ ಹೋಗಿದೆ". ಮಾರೋದಕ್ಕೆ ಅವರ ಹತ್ರ ಇರೋದು ಬ್ಯಾಟ್ರಿ ತಾನೇ? ಪಂಪ್‌ಸೆಟ್ ಮೋಟರ್ ಕೆಟ್ಟರೆ ಸ್ಟಾರ್ಟರ್, ಕೇಬಲ್, ವೈಂಡಿಂಗ್ ಅಂತ ಒಂದೊಂದಾಗಿ ನೋಡೋ ನಾವು, ಗಾಡಿ ವಿಷಯದಲ್ಲಿ ಮಾತ್ರ ಯಾಕೆ ಕಣ್ಣು ಮುಚ್ಕೊಂಡು ದುಡ್ಡು ಕೊಡ್ತೀವೋ ಗೊತ್ತಿಲ್ಲ.

ಇದೇನು ಶೋಕಿ ಮಾತಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿನೇ ಗದ್ದೆಗೆ ಹೋಗಬೇಕು. ನಾಲೆ ಏರಿ ಮೇಲೆ ಹೆಡ್‌ಲೈಟು ಮೇಣದ ಬತ್ತಿ ಥರ ಆದ್ರೆ, ಪಕ್ಕದ ಕಬ್ಬಿನಲ್ಲಿ ಚಿರತೆ ಓಡಾಡ್ತಿದೆ ಅನ್ನೋ ಸುದ್ದಿ ಇರುವಾಗ, ಏನಾಗುತ್ತೆ ನೀವೇ ಹೇಳಿ. ಈ ಗಾಡಿಗಳಲ್ಲಿ ಕಿಡಿ ಬರೋದೂ ಬ್ಯಾಟ್ರಿಯಿಂದಲೇ. ಬ್ಯಾಟ್ರಿ ಪೂರ್ತಿ ಮಲಗಿದ್ರೆ ಸ್ಟಾರ್ಟ್ ಮಾಡೋದೇ ಕಷ್ಟ.

ಮೈಸೂರಿನ ಯಾದವಗಿರಿ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಗಾಡಿ ಮಾಡಿದವರು ನಮಗೆ ಒಂದು ಒಳ್ಳೇ ವೈದ್ಯನನ್ನ ಹೆಡ್‌ಲೈಟ್ ಮೇಲೇ ಕೂರಿಸಿ ಕೊಟ್ಟಿದ್ದಾರೆ. ಕೀಲಿ ಹಾಕೋ ಕಡೆ ಇರೋ ಎರಡು ಪುಟ್ಟ ದೀಪ. ಹಸಿರು ನ್ಯೂಟ್ರಲ್‌ಗೆ, ಕೆಂಪು ಚಾರ್ಜಿಂಗ್‌ಗೆ. ಎಷ್ಟೋ ಗಾಡಿಯಲ್ಲಿ ಆ ಕೆಂಪು ಬಲ್ಬು ಸುಟ್ಟು ವರ್ಷಗಳಾಗಿರುತ್ತೆ. ಮೊದಲು ಅದನ್ನ ಹಾಕಿಸಿ.

ಆ ದೀಪ ಒಂದು ಕಡೆ ಬ್ಯಾಟ್ರಿಗೆ, ಇನ್ನೊಂದು ಕಡೆ ಡೈನಮೋಗೆ ಕಟ್ಟಿರುತ್ತೆ. ಕೀಲಿ ಒತ್ತಿದಾಗ, ಇಂಜಿನ್ ನಿಂತಿರುವಾಗ, ಕರೆಂಟು ಬ್ಯಾಟ್ರಿಯಿಂದ ಬಲ್ಬು ದಾಟಿ ಡೈನಮೋದ ಕಾರ್ಬನ್ ಬ್ರಷ್ ಮೂಲಕ ಅರ್ಥ್ ಸೇರುತ್ತೆ, ಅದಕ್ಕೇ ಉರಿಯುತ್ತೆ. ಇಂಜಿನ್ ಓಡಿ ಡೈನಮೋ ತಾನೇ ಕರೆಂಟು ಹುಟ್ಟಿಸಿದ್ರೆ ಎರಡೂ ಕಡೆ ಒತ್ತಡ ಸಮ ಆಗಿ ದೀಪ ಆರುತ್ತೆ. ಇಷ್ಟು ತಿಳ್ಕೊಂಡ್ರೆ ಮುಕ್ಕಾಲು ಕೆಲಸ ಆಯ್ತು. ಬಲ್ಬು ಚೆನ್ನಾಗಿದ್ದೂ ಕೀಲಿ ಹಾಕಿದಾಗ ಉರೀಲಿಲ್ಲ ಅಂದ್ರೆ ಬ್ರಷ್ ತಾಗ್ತಿಲ್ಲ, ಇಲ್ಲಾ ವೈರು ಕಿತ್ತಿದೆ. ರೇಸ್ ಕೊಟ್ಟರೂ ಜಗ್ಗದೆ ಕೆಂಪಗೆ ಉರಿಯುತ್ತಾ ಇದ್ರೆ ಡೈನಮೋ ಏನೂ ಹುಟ್ಟಿಸ್ತಿಲ್ಲ. ಓಡುವಾಗ ಮಂಕಾಗಿ ಮಿಣುಕ್ತಾ ಇದ್ರೆ ಡೈನಮೋ ದುಡೀತಿದೆ, ಆದ್ರೆ ರೆಗ್ಯುಲೇಟರ್ ಪಾಯಿಂಟು ಕಪ್ಪಾಗಿ ದಾರಿಯಲ್ಲಿ ಸೋರಿಕೆ. ನಿಧಾನಕ್ಕೆ ನಿಂತಲ್ಲೇ ಓಡುವಾಗ ಸ್ವಲ್ಪ ಉರಿದ್ರೆ ಅದು ರೋಗ ಅಲ್ಲ, ಹೆದರಬೇಡಿ.

ಒಂದು ಮಲ್ಟಿಮೀಟರ್ ಇಟ್ಕೊಳ್ಳಿ, ಬ್ಯಾಟ್ರಿಗಿಂತ ಅಗ್ಗ. 6 ವೋಲ್ಟಿನ ಬ್ಯಾಟ್ರಿ ಪೂರ್ತಿ ತುಂಬಿ ಸುಮ್ಮನಿದ್ದಾಗ 6.3ರ ಆಸುಪಾಸು ತೋರಿಸಬೇಕು. ಇಂಜಿನ್ ಚೆನ್ನಾಗಿ ಓಡುವಾಗ 7ರ ಹತ್ತಿರ ಏರಬೇಕು. ಏರದೆ ಇಳೀತಾ ಹೋದ್ರೆ ಹೊಸ ಬ್ಯಾಟ್ರಿ ಹಾಕಿದ್ರೂ ಅದೇ ಗತಿ.

ಡೈನಮೋ ಮುಚ್ಚಳ ತೆಗೆಯೋ ಮುಂಚೆ ಬ್ಯಾಟ್ರಿ ವೈರು ಬಿಚ್ಚಿ. ಬ್ರಷ್ ಸವೆದು ಮೋಟಾಗಿದ್ರೆ ಬದಲಾಯಿಸಿ, ಸ್ಪ್ರಿಂಗು ಬಿಗಿಯಾಗಿ ಒತ್ತುತ್ತಾ ನೋಡಿ. ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳು ಕಪ್ಪಾಗಿದ್ರೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಬೇಕಾದ್ರೆ ಮರಕ್ಕೆ ಉಜ್ಜೋ ಜೀರೋ ನಂಬರ್ ಪೇಪರ್ ಆಡಿಸಿ. ಎಮರಿ ಶೀಟ್ ಬೇಡ, ಅದರ ಪುಡಿ ಪಟ್ಟಿಗಳ ಸಂದಿಗೆ ಸೇರಿ ಶಾರ್ಟ್ ಆಗುತ್ತೆ. ಸಂದಿಯಲ್ಲಿ ಕೂತ ಕಾರ್ಬನ್ ಪುಡಿನೂ ಕೆರೆದು ತೆಗೀರಿ. ಪೆಟ್ರೋಲ್ ಪೂರ್ತಿ ಆರೋವರೆಗೂ ಕೀಲಿ ಮುಟ್ಟಬೇಡಿ, ಕಾಂಟ್ಯಾಕ್ಟ್ ಪಾಯಿಂಟೂ ಅಲ್ಲೇ ಪಕ್ಕದಲ್ಲಿರುತ್ತೆ. ಅದನ್ನ ಅಲ್ಲಾಡಿಸಿದ್ರೆ ಟೈಮಿಂಗ್ ತಪ್ಪಿ ಇನ್ನೊಂದು ತಲೆನೋವು.

ಒಳಗೆಲ್ಲ ಎಣ್ಣೆ ಮೆತ್ತಿದ್ರೆ ಒರೆಸಿ ಸುಮ್ಮನಾಗಬೇಡಿ. ಡೈನಮೋದ ಆರ್ಮೇಚರ್ ಕೂತಿರೋದು ಕ್ರ್ಯಾಂಕಿನ ತುದಿಯಲ್ಲೇ. ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದ್ರೆ ಎಣ್ಣೆ ಬಂದು ಬ್ರಷ್ ಕೆಡಿಸುತ್ತೆ. ಬೇರಿಂಗ್ ಸವೆದಿದ್ರೆ ಆರ್ಮೇಚರ್ ಅಲ್ಲಾಡಿ ಸುತ್ತಲಿನ ಫೀಲ್ಡಿಗೆ ಉಜ್ಜಿದ ಗುರುತು ಕಾಣುತ್ತೆ. ಆಗ ಕರೆಂಟಿನ ಮೆಕ್ಯಾನಿಕ್ ಏನೂ ಮಾಡೋಕಾಗಲ್ಲ, ಇಂಜಿನ್ ಬಿಚ್ಚಬೇಕು. ಮೂರು ಬ್ಯಾಟ್ರಿ ದುಡ್ಡು ಅಲ್ಲಿಗೆ ಹಾಕಿದ್ರೆ ಸಾರ್ಥಕ.

ರಾತ್ರಿ ಚೆನ್ನಾಗಿದ್ದ ಬ್ಯಾಟ್ರಿ ಬೆಳಗ್ಗೆ ಇಳಿದು ಹೋಗ್ತಿದ್ರೆ ರೆಗ್ಯುಲೇಟರ್ ಡಬ್ಬಿ ನೋಡಿ. ಡೈನಮೋ ನಿಂತಾಗ ಒಳಗಿನ ಕಟೌಟ್ ಪಾಯಿಂಟು ಬಿಡಬೇಕು. ಅಂಟ್ಕೊಂಡ್ರೆ ಬ್ಯಾಟ್ರಿ ಕರೆಂಟು ತಿರುಗಿ ಡೈನಮೋಗೆ ಹರಿಯುತ್ತೆ. ಕಾಲುವೆ ತೂಬು ಮುಚ್ಚದೆ ಬಿಟ್ಟ ಹಾಗೆ. ಇದಕ್ಕೆ ಈಗ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಸಿಗುತ್ತೆ, ಹಾಕ್ಕೊಳ್ಳಿ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಗಾಡಿ ತೊಳೆದು ನಿಲ್ಲಿಸೋರು ಒರಿಜಿನಲ್ ಅಲ್ಲ ಅಂತ ಮೂಗು ಮುರಿದ್ರೆ ಮುರೀಲಿ, ಅವರು ರಾತ್ರಿ ನೀರು ಕಟ್ಟೋಕೆ ಹೋಗಲ್ಲ.

ಇನ್ನು ನಮ್ಮ ಹುಡುಗರಿಗೆ ಒಂದು ಮಾತು. ಈ ಡೈನಮೋ ಕೊಡೋದೇ 45 ವ್ಯಾಟು. ಹೆಡ್‌ಲೈಟಿಗೆ 35 ವ್ಯಾಟಿನ ಬಲ್ಬು, ಹಿಂದೆ 5 ವ್ಯಾಟು ಹಾಕಿದ್ರೆ 40 ಅಲ್ಲೇ ಮುಗೀತು. ಉಳಿದ ಐದರಲ್ಲಿ ಕಾಯಿಲ್, ಹಾರನ್, ಬ್ರೇಕ್ ಲೈಟು ಎಲ್ಲ ಬದುಕಬೇಕು. ಅದರ ಮೇಲೆ ಎರಡು ಫೋಕಸ್ ಲೈಟು ಕಟ್ಟಿ, ಮೊಬೈಲ್ ಚಾರ್ಜರ್ ಬೇರೆ ಸಿಕ್ಕಿಸಿ, "ಡೈನಮೋ ವೀಕು" ಅಂತ ಬೈದ್ರೆ ನ್ಯಾಯವಾ? 6 ವೋಲ್ಟಿಗೇ ಹೊಂದೋ ಒಳ್ಳೇ ಎಲ್‌ಇಡಿ ಬಲ್ಬು ಹಾಕಿದ್ರೆ ಅದೇ ಡೈನಮೋದಲ್ಲಿ ದಾರಿನೂ ಕಾಣುತ್ತೆ, ಬ್ಯಾಟ್ರಿಗೂ ಉಳಿಯುತ್ತೆ. 12 ವೋಲ್ಟ್ ಕಿಟ್ ವಿಚಾರ ಇಷ್ಟೆಲ್ಲ ನೋಡಿದ ಮೇಲೆ ಮಾತಾಡೋಣ. ಬೇರಿಂಗ್ ಸವೆದ ಇಂಜಿನ್‌ಗೆ ಆ ಕಿಟ್ ಹಾಕೋದು ತೂತು ಬಿದ್ದ ತೊಟ್ಟಿಗೆ ಹೊಸ ನಲ್ಲಿ ಹಾಕಿದ ಹಾಗೆ.

ಮೀಟರ್ ಇಲ್ಲದವರು ಸಂಜೆ ಡೈರಿಗೆ ಹಾಲು ಹಾಕಿ ನಮ್ಮ ಮನೆ ಕಡೆ ಬನ್ನಿ, ಕತ್ತಲಾಗೋ ಮುಂಚೆ ನೋಡೋಣ. ಬ್ಯಾಟ್ರಿ ಹಿಂದಿನ ರಾತ್ರಿನೇ ಚಾರ್ಜಿಗೆ ಹಾಕಿ ತನ್ನಿ, ಖಾಲಿ ಬ್ಯಾಟ್ರಿ ಇಟ್ಕೊಂಡು ಪರೀಕ್ಷೆ ಮಾಡೋಕಾಗಲ್ಲ. ಆ ಕೆಂಪು ಬಲ್ಬು ಒಂದು ಮಾತ್ರ ನೀವೇ ಹಾಕಿಸ್ಕೊಂಡು ಬನ್ನಿ.