ನಡೆದು ಬಂದವರಿಗೆ ನಮ್ಮ ಬಾಗಿಲು

ಆಗಸ್ಟ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ಕಾವಿ ಬಟ್ಟೆ ತೊಟ್ಟ ಸಣ್ಣ ಸಣ್ಣ ಗುಂಪುಗಳು ಬೆಂಗಳೂರಿನಿಂದ ಹೊಸೂರಿನ ದಾರಿ ಹಿಡಿಯುತ್ತವೆ. ಕೃಷ್ಣಗಿರಿ, ಸೇಲಂ, ನಾಮಕ್ಕಲ್, ತಿರುಚಿರಾಪಳ್ಳಿ, ತಂಜಾವೂರು, ನಾಗಪಟ್ಟಣಗಳನ್ನು ದಾಟಿ, ಸುಮಾರು 500 ಕಿಲೋಮೀಟರು ನಡೆದು, ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಳಾಂಗಣ್ಣಿಯ ಆರೋಗ್ಯಮಾತೆಯ ಸನ್ನಿಧಿ ಸೇರುತ್ತವೆ. ಅಷ್ಟು ದೂರ ಸಾಧ್ಯವಾಗದವರಿಗೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕ ಇದೆ. ದೊಡ್ಡಬಳ್ಳಾಪುರದಿಂದಲೋ ದೇವನಹಳ್ಳಿಯಿಂದಲೋ ಹೊರಟರೆ ಅದೂ 35-40 ಕಿಲೋಮೀಟರಿನ ನಡಿಗೆಯೇ. ಹೊಸಕೋಟೆ, ನೆಲಮಂಗಲಗಳಿಂದ ತುಸು ಕಡಿಮೆ.

ಪ್ರಿಯ ಓದುಗರೇ, ಈ ಪಾದಯಾತ್ರೆಯ ಬಗ್ಗೆ ನಮ್ಮಲ್ಲಿ ಪ್ರತಿ ವರ್ಷವೂ ಒಂದೇ ವಾದ ನಡೆಯುತ್ತದೆ. ರೈಲು, ಬಸ್ಸುಗಳಿರುವಾಗ ಕಾಲು ಸವೆಸುವುದೇಕೆ, ಹರಕೆಯೆಂಬುದು ದೇವರೊಡನೆ ಮಾಡುವ ವ್ಯಾಪಾರವಲ್ಲವೇ ಎಂದು ಕೆಲವರು ಕೇಳುತ್ತಾರೆ. ಜನರ ಭಕ್ತಿಯನ್ನು ಅಳೆಯಲು ನೀವು ಯಾರು ಎಂದು ಇನ್ನು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಎರಡು ಪಕ್ಷದವರೂ ನಡೆಯುವವರನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ದಾರಿಯ ಬದಿಯಲ್ಲಿ ಮನೆ, ಶಾಲೆ, ದೇವಾಲಯಗಳನ್ನು ಕಟ್ಟಿಕೊಂಡು ಕುಳಿತಿರುವ ನಾವು ಏನು ಮಾಡಿದ್ದೇವೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಯಾತ್ರಿಕನ ಒಂದು ದಿನವನ್ನು ಸ್ವಲ್ಪ ಯೋಚಿಸಿ ನೋಡಿ. ನಸುಕಿನ ಮೂರು ಗಂಟೆಗೆ ಏಳಬೇಕು. ಜಪಸರ ಹಿಡಿದು, ಬಿಸಿಲೇರುವ ಮೊದಲೇ ದಿನದ ಅರ್ಧ ದಾರಿಯನ್ನಾದರೂ ಮುಗಿಸಬೇಕು. ಮೊದಲ ಎರಡು ದಿನಗಳಲ್ಲೇ ಅಂಗಾಲಿನಲ್ಲಿ ಗುಳ್ಳೆಗಳೇಳುತ್ತವೆ. ತೊಡೆಸಂದು ಉಜ್ಜಿ ಹುಣ್ಣಾಗುತ್ತದೆ. ಮಧ್ಯಾಹ್ನ ಹುಣಸೆಮರದ ನೆರಳಿನಲ್ಲಿಯೋ ಪೆಟ್ರೋಲ್ ಬಂಕಿನ ಮೂಲೆಯಲ್ಲಿಯೋ ಟವಲು ಹಾಸಿ ಒರಗುತ್ತಾರೆ. ಸಂಜೆ ಮತ್ತೆ ನಡಿಗೆ. ರಾತ್ರಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವ ಭಾಗ್ಯ ಸಿಕ್ಕರೆ ಅದೇ ದೊಡ್ಡ ಕೃಪೆ. ಇಂಥ ಹದಿನಾಲ್ಕು ಹದಿನೈದು ದಿನಗಳನ್ನು ಕಳೆದರೆ ವೇಳಾಂಗಣ್ಣಿ.

ಹೆಂಗಸರ ಪಾಡು ಇನ್ನೂ ಕಠಿಣವಾದದ್ದು. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಿನಲ್ಲಿ ನೀರಿಲ್ಲದೆ ನಡೆದವರಿಗೆ ತಲೆಸುತ್ತು, ಉರಿಮೂತ್ರ, ಜ್ವರ ಬರುವುದು ಸಹಜ. ಇದನ್ನು ತಪಸ್ಸೆಂದು ಹೊಗಳುವುದು ನಮ್ಮ ಸೋಮಾರಿತನಕ್ಕೆ ಪುಣ್ಯದ ಬಣ್ಣ ಬಳಿದಂತೆ. ಉಪವಾಸ ಅವರ ಆಯ್ಕೆ. ಬಾಯಾರಿಕೆ ನಾವು ಹೊರಿಸಿದ ಹೊರೆ.

ರಸ್ತೆಯಾದರೂ ಅವರದೇ? ದೇವನಹಳ್ಳಿಯ ಪಕ್ಕದಲ್ಲಿ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 44 ಹೊಸೂರು, ಕೃಷ್ಣಗಿರಿ, ಸೇಲಂಗಳಿಗೂ ಹೋಗುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ದಾರಿ ಅಗಲವಾಯಿತು, ಎತ್ತರವಾಯಿತು. ಆದರೆ ನಡೆಯುವವನ ಪಾಲಿಗೆ ಅದು ಇಕ್ಕಟ್ಟಾಯಿತು. ಮೇಲ್ಸೇತುವೆಯನ್ನು ಕಟ್ಟಿದವರ ಲೆಕ್ಕದಲ್ಲಿ ಕಾಲುಗಳಿರಲಿಲ್ಲ. ಕತ್ತಲಲ್ಲಿ ಅಂಚು ಹಿಡಿದು ನಡೆಯುವವನ ಜೀವ ಲಾರಿ ಚಾಲಕನ ನಿದ್ದೆಗಣ್ಣಿಗೆ ಬಿಟ್ಟದ್ದು.

ನಮ್ಮ ನಾಡಿಗೆ ಇದು ಹೊಸ ಕಷ್ಟವೂ ಅಲ್ಲ, ಪರಿಹಾರ ತಿಳಿಯದ ಕಷ್ಟವೂ ಅಲ್ಲ. ದಾರಿಹೋಕರಿಗಾಗಿ ಅರವಟಿಗೆ ಇಟ್ಟವರು, ಛತ್ರ ಕಟ್ಟಿಸಿದವರು ನಮ್ಮ ಹಿರಿಯರು. ಇಂದಿಗೂ ಶಿವರಾತ್ರಿಗೆ ಮುನ್ನ ನೆಲಮಂಗಲದ ಮೇಲೆ ಹಾಸನದತ್ತ ಸಾಗಿ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಹಣ್ಣು, ಊಟ ಕೊಟ್ಟು ಕೈಮುಗಿಯುವ ಜನರಿದ್ದಾರೆ. ಅವರಿಂದ ಕಲಿಯಲು ನಮಗೆ ಸಂಕೋಚವೇಕೆ?

ವೇಳಾಂಗಣ್ಣಿಯ ಪರಂಪರೆಯನ್ನೇ ನೆನೆಯಿರಿ. ನಡುತಿಟ್ಟು ಎಂಬಲ್ಲಿ ಆಲದ ಮರದ ಕೆಳಗೆ ಕಾಲು ಊನವಾದ ಹುಡುಗನೊಬ್ಬ ದಾರಿಹೋಕರಿಗೆ ಮಜ್ಜಿಗೆ ಮಾರುತ್ತಿದ್ದನಂತೆ. ಮಗುವನ್ನೆತ್ತಿಕೊಂಡು ಬಂದ ತಾಯಿಯೊಬ್ಬಳು ಮಜ್ಜಿಗೆ ಕೇಳಿದಳು, ಆತ ಕೊಟ್ಟ. ಆತನ ಕಾಲು ನೆಟ್ಟಗಾದದ್ದು ಆಮೇಲೆ. ಈ ಕಥೆಯ ಪವಾಡವನ್ನು ನಾವು ಬಾಯ್ತುಂಬ ಹೇಳುತ್ತೇವೆ, ಮಜ್ಜಿಗೆಯನ್ನು ಮರೆಯುತ್ತೇವೆ. ಎಮ್ಮಾವಿನ ಶಿಷ್ಯರೂ ಹಾಗೆಯೇ: ಅಪರಿಚಿತನನ್ನು ಒತ್ತಾಯದಿಂದ ಮನೆಯೊಳಗೆ ಕರೆದ ಮೇಲಲ್ಲವೇ ರೊಟ್ಟಿ ಮುರಿಯುವಾಗ ಅವರಿಗೆ ಪ್ರಭುವಿನ ಗುರುತು ಸಿಕ್ಕಿದ್ದು?

ಒಂದು ಧರ್ಮಕೇಂದ್ರದಿಂದ ಏನಾದೀತು ಎನ್ನುವವರು ಸ್ಪೇನ್ ದೇಶದ ಕಡೆ ನೋಡಲಿ. ಸಂತ ಯಾಕೋಬರ ಸಾಂತಿಯಾಗೋ ಹಾದಿ ಬಹುಪಾಲು ಮರೆತುಹೋಗಿದ್ದ ಕಾಲದಲ್ಲಿ, ಒ ಸೆಬ್ರೆಯ್ರೊ ಎಂಬ ಗುಡ್ಡದ ಹಳ್ಳಿಯ ಗುರು ಎಲಿಯಾಸ್ ವಾಲಿನ್ಯರು 1984ರಲ್ಲಿ ಕೈಯಲ್ಲಿ ಹಳದಿ ಬಣ್ಣ ಹಿಡಿದು ದಾರಿ ತೋರುವ ಬಾಣದ ಗುರುತುಗಳನ್ನು ಬರೆಯತೊಡಗಿದರು. 2024ರಲ್ಲಿ ಆ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರು ಸುಮಾರು 5 ಲಕ್ಷ. ಹಾದಿಯ ಊರೂರುಗಳಲ್ಲಿ ಯಾತ್ರಿಕರಿಗೆಂದೇ ತಂಗುದಾಣಗಳಿವೆ. ಇದು ಶುರುವಾದದ್ದು ಒಬ್ಬ ಹಳ್ಳಿಯ ಗುರುವಿನ ಕಾಳಜಿಯಿಂದ.

ಆಕ್ಷೇಪಣೆಗಳನ್ನು ಬಲ್ಲೆ. ಗೇಟು ತೆರೆದಿಟ್ಟರೆ ಕಳ್ಳತನವಾದೀತು ಎನ್ನುತ್ತಾರೆ. ದೇವಾಲಯದ ಬೀಗ ತೆಗೆಯಬೇಕಿಲ್ಲ. ಶಾಲೆಯ ಜಗಲಿ, ಒಂದು ನಲ್ಲಿ, ಒಂದು ಶೌಚಾಲಯ, ರಾತ್ರಿ ಸರದಿಯಲ್ಲಿ ಎಚ್ಚರವಿರುವ ಇಬ್ಬರು ಯುವಕರು ಸಾಕು. ಹಣವೆಲ್ಲಿ ಎನ್ನುತ್ತಾರೆ. ಹಬ್ಬದ ಪಟಾಕಿ, ದೀಪಾಲಂಕಾರಗಳ ಖರ್ಚಿನಲ್ಲಿ ಒಂದಂಶ ಉಳಿಸಿದರೆ ಮಜ್ಜಿಗೆಗೂ ಮುಲಾಮಿಗೂ ಆದೀತು. ಇವರಲ್ಲಿ ಹಲವರು ಭಾನುವಾರದ ಬಲಿಪೂಜೆಗೇ ಬರುವುದಿಲ್ಲ ಎಂಬುದು ಮೂರನೆಯ ಮಾತು. ಬಾಯಾರಿದವನಿಗೆ ನೀರು ಕೊಡುವ ಮುನ್ನ ಹಾಜರಿ ಪುಸ್ತಕ ನೋಡಿರೆಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಯಾತ್ರಿಕರಿಗೂ ಕರ್ತವ್ಯಗಳಿವೆ. ಕುಡಿದೆಸೆದ ಪ್ಲಾಸ್ಟಿಕ್ ಲೋಟಗಳು ಯಾವ ಹರಕೆಯ ಭಾಗವೂ ಅಲ್ಲ. ಧ್ವನಿವರ್ಧಕ ಕಟ್ಟಿದ ವಾಹನದ ಹಿಂದೆ ನಡೆದರೆ ಊರಿಗೆ ಕೇಳುತ್ತದೆ, ನಮ್ಮ ಅಂತರಂಗಕ್ಕೆ ಕೇಳುವುದಿಲ್ಲ. ಕತ್ತಲಲ್ಲಿ ಹೊಳೆಯುವ ಪಟ್ಟಿ ಧರಿಸದೆ ಹೆದ್ದಾರಿಗಿಳಿಯುವುದು ಭಕ್ತಿಯಲ್ಲ, ಭಂಡಧೈರ್ಯ. ಆದರೆ ಉಳಿಯಲು ಜಾಗವಿಲ್ಲದವರಿಗೆ ರಾತ್ರಿ ನಡೆಯಬೇಡಿ ಎಂದು ಉಪದೇಶಿಸುವ ಅಧಿಕಾರ ನಮಗಿಲ್ಲ. ಮೊದಲು ಚಾಪೆ ಹಾಸಿ, ಆಮೇಲೆ ಬುದ್ಧಿ ಹೇಳೋಣ.

2025ರ ಜ್ಯೂಬಿಲಿ ವರ್ಷದಲ್ಲಿ ಧರ್ಮಸಭೆ ನಮ್ಮೆಲ್ಲರನ್ನೂ ‘ಭರವಸೆಯ ಯಾತ್ರಿಕರು’ ಎಂದು ಕರೆಯಿತು. ಗೋಡೆಯ ಮೇಲೆ ಆ ಮಾತನ್ನು ತೂಗುಹಾಕಿ, ಗೇಟಿನ ಮುಂದೆ ನಿಂತ ಯಾತ್ರಿಕನಿಗೆ ಬೀಗ ತೋರಿಸಿದರೆ ಆ ಮಾತು ನಮ್ಮನ್ನೇ ಅಣಕಿಸುತ್ತದೆ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಹಾದಿಬದಿಯ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಬರುವ ಸಭೆಯಲ್ಲೇ ತೀರ್ಮಾನಿಸಲಿ: ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ 8ರವರೆಗೆ ನೀರು, ಶೌಚಾಲಯ, ಮಲಗಲು ಜಾಗ, ಇವು ಸಿಗುತ್ತವೆಂದು ರಸ್ತೆಗೆ ಕಾಣುವಂತೆ ಕನ್ನಡ, ತಮಿಳುಗಳಲ್ಲಿ ಒಂದು ಫಲಕ. ಓದುಗರೇ, ನಿಮ್ಮ ಸಮಿತಿಯಲ್ಲಿ ಈ ವಿಷಯ ಎತ್ತುವವರು ಯಾರೂ ಇಲ್ಲದಿದ್ದರೆ ನೀವೇ ಎತ್ತಿ.