ಹಬ್ಬಕ್ಕೆ ಪೇಂಟು, ಸಂಕ್ರಾಂತಿಗೆ ಪುಡಿ | ಮನೆ ಮಾತು – 7

ದಸರಾ ಹತ್ರ ಬಂತು ಅಂದ್ರೆ ಪೇಂಟರ್‌ಗಳಿಗೆ ಪುರುಸೊತ್ತಿರಲ್ಲ. ಎಲ್ಲರಿಗೂ ದೀಪಾವಳಿಯೊಳಗೆ ಗೋಡೆ ಹೊಳೀಬೇಕು. ನಿಮ್ಮ ಮನೆಯಲ್ಲೂ ಈ ಮಾತು ಶುರುವಾಗಿದ್ರೆ ಮೊದಲನೇ ಫೋಟೋ ನೋಡಿ. ನೆಲದಿಂದ ಎರಡಡಿ ಎತ್ತರದವರೆಗೆ ಪುಟ್ಟಿ ಹಪ್ಪಳದ ಹಾಗೆ ಉಬ್ಬಿದೆ, ಹಿಂದೆ ಬಿಳೀ ಉಪ್ಪು. ಇಂಥದ್ದೊಂದು ಗೋಡೆ ನಿಮ್ಮಲ್ಲೂ ಇರಬಹುದು. ಬಾತ್‌ರೂಮಿನ ಆಚೆ ಬದಿ, ಅಥವಾ ಯಾರಿಗೂ ಕಾಣದಿರಲಿ ಅಂತ ಸೋಫಾ ಒತ್ತರಿಸಿಟ್ಟ ಜಾಗದಲ್ಲಿ.

ನನ್ನ ವಾದ ಇಷ್ಟೇ: ಮಳೆಗಾಲ ಮುಗೀತಿದ್ದ ಹಾಗೇ ಗೋಡೆಗೆ ಬಣ್ಣ ಹಚ್ಚೋ ಅಭ್ಯಾಸ ಸುಣ್ಣದ ಕಾಲದ್ದು. ಬಣ್ಣ ಬದಲಾಯ್ತು, ಅಭ್ಯಾಸ ಹಾಗೇ ಉಳೀತು.

ಸುಣ್ಣ ಹೊಡೆಯೋ ಮುಂಚೆ ಗೋಡೆಗೆ ನೀರು ಚಿಮುಕಿಸ್ತಿದ್ದದ್ದು ನೆನಪಿದೆಯಾ? ಒದ್ದೆ ಗೋಡೆ ಅಂದ್ರೆ ಸುಣ್ಣಕ್ಕೆ ತೊಂದರೆನೇ ಅಲ್ಲ. ಅದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತೆ. ಆದ್ರೂ ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗೋಕೆ ದಾರಿ ಬಿಡುತ್ತೆ. ಕ್ಷಾರ ಜಾಸ್ತಿ ಇರೋದ್ರಿಂದ ಬೂಷ್ಟೂ ಸುಲಭಕ್ಕೆ ಹಿಡಿಯಲ್ಲ. ಒರಗಿದ್ರೆ ಬೆನ್ನೆಲ್ಲ ಬಿಳಿ, ಆಗಾಗ ಹೊಡೀತಾ ಇರಬೇಕು, ಅದೂ ನಿಜ. ನಾನೇನು ಎಲ್ಲರೂ ಸುಣ್ಣಕ್ಕೆ ವಾಪಸ್ ಹೋಗಿ ಅಂತಿಲ್ಲ. ಎಮಲ್ಷನ್ ಬಳಿದ ಗೋಡೆ ಮೇಲೆ ಸುಣ್ಣ ನಿಲ್ಲೋದೂ ಇಲ್ಲ.

ಎಮಲ್ಷನ್ ಒಣಗಿದ ಮೇಲೆ ಒಂದು ಪದರ ಆಗುತ್ತೆ. ತಿಂಗಳುಗಟ್ಟಲೆ ಮಳೆ ಕುಡಿದ ಗೋಡೆಗೆ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಅಕ್ಟೋಬರಿನಲ್ಲೇ ಆ ಪದರ ಹೊದಿಸಿದ್ರೆ ಒಳಗಿನ ನೀರು ಏನು ಮಾಡ್ಬೇಕು? ಹೊರಗೆ ತಳ್ಳುತ್ತೆ. ನೀರಿನ ಜೊತೆ ಬಂದ ಉಪ್ಪು ಪುಟ್ಟಿ ಹಿಂದೆ ಹರಳುಗಟ್ಟಿ ಅದನ್ನ ಎಬ್ಬಿಸುತ್ತೆ. ಆಮೇಲೆ ಪೇಂಟರ್‌ಗೆ ಬೈಗುಳ. ನಾಲ್ಕೇ ದಿನದಲ್ಲಿ ಮುಗಿಸಿಕೊಡಿ ಅಂತ ಹೇಳಿದ್ದು ಯಾರು?

ತೇವ ಇದೆಯೋ ಇಲ್ವೋ ನೋಡೋಕೆ ಖರ್ಚೇನಿಲ್ಲ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕಂಡ್ರೆ ನೀರು ಗೋಡೆಯದ್ದು. ಆಗ ಪುಟ್ಟಿ ಚೀಲ ತರಬೇಡಿ, ಪ್ಲಂಬರ್‌ನ ಕರೀರಿ. ಟೈಲ್ಸ್ ಸಂದಿ, ತಾರಸಿ, ಹೊರಗೋಡೆಯ ಬಿರುಕು, ಗೋಡೆಗೆ ಆತುಕೊಂಡಿರೋ ಹೂಕುಂಡದ ಸಾಲು, ಎಲ್ಲ ನೋಡಿ. ನೀರು ನಿಂತ ಮೇಲೆ ಸಡಿಲವಾದದ್ದನ್ನೆಲ್ಲ ಕೆರೆದು, ಉಪ್ಪನ್ನ ಒಣ ಬ್ರಷ್‌ನಿಂದ ಉಜ್ಜಿ ತೆಗೀರಿ. ತೊಳೆದ್ರೆ ಕರಗಿ ಮತ್ತೆ ಒಳಗೇ ಹೋಗುತ್ತೆ. ಹೊಸದಾಗಿ ಸಿಮೆಂಟ್ ಗಾರೆ ಮಾಡಿಸಿದ್ರೆ ಸುಮಾರು 28 ದಿನ ಕಾಯಿರಿ. ಹಬ್ಬ ತಪ್ಪುತ್ತೆ, ಹೌದು. ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ ಹಚ್ಚಿಸಿದ್ರೆ ಯುಗಾದಿಗೆ ಮನೆ ಚೆಂದ ಇರುತ್ತೆ, ಮುಂದಿನ ದೀಪಾವಳಿಗೂ.

ಇನ್ನೊಂದು ಹುಚ್ಚು, ಗೋಡೆ ಕನ್ನಡಿ ಹಾಗೆ ನುಣುಪಾಗಬೇಕು ಅನ್ನೋದು. ಹಳೇ ಗೋಡೆ ಸ್ವಲ್ಪ ಡೊಂಕಿರುತ್ತೆ, ಇರಲಿ ಬಿಡಿ. ಅದನ್ನ ಎತ್ತಿ ತೋರಿಸೋದು ಅದೇ ಗೋಡೆಗೆ ಹೊಡೆದ ಟ್ಯೂಬ್‌ಲೈಟು: ಬೆಳಕು ಗೋಡೆ ಸವರಿಕೊಂಡು ಹೋಗಿ ಪ್ರತಿ ಉಬ್ಬಿಗೂ ನೆರಳು ಕೊಡುತ್ತೆ. ಅದರ ಮೇಲೆ ಹೊಳಪಿನ ಪೇಂಟ್ ಬೇರೆ! ಲೈಟಿನ ಜಾಗ ಬದಲಿಸಿ, ಮ್ಯಾಟ್ ಹಚ್ಚಿ. ಅರ್ಧ ಡೊಂಕು ಕಣ್ಣಿಗೇ ಬೀಳಲ್ಲ (ಮೂರನೇ ಫೋಟೋ).

ನುಣುಪು ಮಾಡ್ಬೇಕು ಅಂದ್ರೆ ಉಜ್ಜಬೇಕು, ನನಗೆ ನಿಜವಾಗಿ ಭಯ ಇರೋದು ಇಲ್ಲಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಆಯಿಲ್ ಪೇಂಟ್, ಅಂದ್ರೆ ಅಡುಗೆಮನೆ ಗೋಡೆಯ ಕೆಳಭಾಗ, ಬಾಗಿಲು, ಕಿಟಕಿ ಸರಳು, ಇವನ್ನ ಒಣ ಉಜ್ಜಿದ್ರೆ ಏಳೋ ಧೂಳಲ್ಲಿ ಸೀಸ ಇರಬಹುದು. ಅಂಬೆಗಾಲಿಡೋ ಮಗು ಅದೇ ನೆಲದ ಮೇಲೆ ಓಡಾಡಿ ಕೈ ಬಾಯಿಗೆ ಹಾಕುತ್ತೆ. ಮಕ್ಕಳ ಮೆದುಳಿಗೆ ಸೀಸ ಮಾಡೋ ಹಾನಿ ಸರಿಹೋಗೋದಲ್ಲ. ನೀರು ಹಾಕಿ ಉಜ್ಜಿಸಿ, ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಕ್ಕಳನ್ನ, ಗರ್ಭಿಣಿಯರನ್ನ ಕೆಲಸ ಮುಗಿಯೋವರೆಗೆ ಬೇರೆ ಕಡೆ ಇರಿಸಿ. ದಿನಾ ಆ ಧೂಳನ್ನೇ ಉಸಿರಾಡೋ ಪೇಂಟರ್ ಅಣ್ಣನಿಗೆ ಒಂದು ಒಳ್ಳೇ ಮಾಸ್ಕ್ ನೀವೇ ತಂದುಕೊಡಿ. ಮುಖಕ್ಕೆ ಟವೆಲ್ ಸುತ್ತಿಕೊಂಡ್ರೆ ಏನೂ ಆಗಲ್ಲ ಅಂತಾರೆ, ಕೇಳಬೇಡಿ.

ಬಾಡಿಗೆ ಮನೆಯವರ ಕಥೆ ಬೇರೆ. ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ನ್ಯಾಯನಾ? ಮುಂದಿನ ಭಾಗದಲ್ಲಿ ಜಗಳ ಆಡೋಣ, ನಿಮ್ಮ ಅನುಭವ ಕಾಮೆಂಟ್‌ನಲ್ಲಿ ಬರೀರಿ.